ಪರೀಕ್ಷೆ ಬೇಡ, ಪರಿಚಯ ಹೇಳಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಊರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ‘ನಮ್ಮತ್ತೆಗೆ ತಮ್ಮ ಮದುವೆಯಲ್ಲಿ ಯಾವ ಬೀಗರು ಮುನಿಸಿಕೊಂಡು ಎಲೆ ಮುಂದಿನಿಂದ ಎದ್ದು ಹೋದರು ಅನ್ನೋದು ಈಗಲೂ ನೆನಪಿದೆ. ಬೆಳಿಗ್ಗೆ ಉಪ್ಪಿಟ್ಟು ತಿಂದದ್ದು ಮಾತ್ರ ನೆನಪಿಲ್ಲ. ಬಂದವರ ಮುಂದೆಲ್ಲ “ನಂಗೆ ತಿಂಡೀನೇ ಕೊಟ್ಟಿಲ್ಲ” ಅಂತಾರೆ. ಇದು ಕಾಯಿಲೆಯೋ, ನಾಟಕವೋ?’ ಬರೆದವರ ಸಂಕಟ ಅರ್ಥವಾಗುತ್ತದೆ. ದಿನವಿಡೀ ಸೇವೆ ಮಾಡಿ, ನಾಲ್ಕು ಜನರ ಮುಂದೆ ಕೆಟ್ಟವರು ಎನ್ನಿಸಿಕೊಳ್ಳುವುದು ಯಾರಿಗಾದರೂ ಕಷ್ಟವೇ. ಆದರೆ ಉತ್ತರ ಖಚಿತವಾಗಿದೆ: ಅದು ನಾಟಕವಲ್ಲ. ಹಳೆಯದು ಉಳಿದು ಹೊಸದು ಜಾರಿ ಹೋಗುವುದೇ ಅಲ್ಝೈಮರ್ ಕಾಯಿಲೆಯ ಮೊದಲ ಚಹರೆ. ಈ ಕಾಯಿಲೆ ತಲೆಯೊಳಗಿನದನ್ನೆಲ್ಲ ಒಂದೇ ಸಮನೆ ಅಳಿಸುವುದಿಲ್ಲ. ಅದಕ್ಕೊಂದು ಕ್ರಮವಿದೆ. ಯಾವುದು ಮೊದಲು ಹೋಗುತ್ತದೆ, ಯಾವುದು ಕೊನೆಯವರೆಗೂ ನಿಲ್ಲುತ್ತದೆ ಎಂದು ಗೊತ್ತಿದ್ದರೆ ಮನೆಯಲ್ಲಿ ಅರ್ಧ ಜಗಳ ನಡೆಯುವುದೇ ಇಲ್ಲ.

ಈ ಕಾಯಿಲೆಯ ಕಥೆ ಶುರುವಾಗಿದ್ದು ಒಂದು ಸಂದರ್ಶನದಿಂದ. 1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸನ್ನು ಗಂಡ ಕರೆತಂದು ಸೇರಿಸಿದ. ಆಕೆ ಕಾರಣವಿಲ್ಲದೆ ಗಂಡನ ಮೇಲೆ ಸಂಶಯ ಪಡತೊಡಗಿದ್ದಳು, ಅಡುಗೆ ಕೆಡಿಸುತ್ತಿದ್ದಳು, ಮನೆಯ ಸಾಮಾನನ್ನು ಎಲ್ಲೆಲ್ಲೋ ಬಚ್ಚಿಡುತ್ತಿದ್ದಳು. ಅಲ್ಲಿ ವೈದ್ಯರಾಗಿದ್ದ ಅಲೋಯ್ಸ್ ಅಲ್ಝೈಮರ್ ಆಕೆಯನ್ನು ಕೂರಿಸಿಕೊಂಡು ಸಣ್ಣ ಸಣ್ಣ ಪ್ರಶ್ನೆ ಕೇಳಿದರು. ಹೆಸರೇನು ಎಂದರೆ ಆಗಸ್ಟೆ ಎಂದಳು. ಗಂಡನ ಹೆಸರೇನು ಎಂದರೂ ಆಗಸ್ಟೆ ಎಂದಳು. ಮಧ್ಯಾಹ್ನ ಹೂಕೋಸು, ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಸೊಪ್ಪು ಎಂದಳು. ಹೆಸರು ಬರೆಯಿರಿ ಎಂದಾಗ ‘ಶ್ರೀಮತಿ’ ಎನ್ನುವಷ್ಟನ್ನು ಬರೆದು, ಮುಂದೇನು ಬರೆಯಬೇಕಿತ್ತು ಎನ್ನುವುದನ್ನೇ ಮರೆತು ಕೂತಳು. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಮ್ಯೂನಿಕ್‌ಗೆ ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದ ಅಲ್ಝೈಮರ್‌ಗೆ ಎರಡು ವಿಚಿತ್ರಗಳು ಕಂಡವು. ನರಕೋಶಗಳ ಹೊರಗೆ ಅಲ್ಲಲ್ಲಿ ಗಟ್ಟಿಯಾದ ಮಚ್ಚೆಗಳು; ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಅದೇ ವರ್ಷ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲಿ ಸೇರಿದ್ದ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದರು. 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಅಲ್ಝೈಮರ್ ಹೆಸರನ್ನೇ ಇಟ್ಟರು.

ಆಗಸ್ಟೆಗೆ ಆಗಿನ್ನೂ 51 ವರ್ಷ. ಹಾಗಾಗಿ ‘ಅರವತ್ತಕ್ಕೆ ಅರಳು ಮರಳು’ ಎಂದು ಕೈತೊಳೆದುಕೊಳ್ಳುವಂತಿರಲಿಲ್ಲ. ನಮ್ಮಲ್ಲಿ ಈಗಲೂ ಹಾಗೆ ಕೈತೊಳೆದುಕೊಳ್ಳುವವರೇ ಹೆಚ್ಚು. ವಯಸ್ಸಾದಂತೆ ಸ್ವಲ್ಪ ಮರೆವು ಎಲ್ಲರಿಗೂ ಬರುತ್ತದೆ, ನಿಜ. ಆದರೆ ಡಿಮೆನ್ಷಿಯಾ, ಅಂದರೆ ಅಲ್ಝೈಮರ್‌ನಂಥ ಕಾಯಿಲೆಗಳಿಂದ ನೆನಪು, ವಿವೇಚನೆ ಕುಸಿಯುವುದು, ವಯಸ್ಸಿನ ಸಹಜ ಗುಣವಲ್ಲ. ಎಂಬತ್ತೈದು ದಾಟಿಯೂ ಪಂಚಾಂಗ ನೋಡಿ ತಿಥಿ ಹೇಳುವವರು ನಮ್ಮ ನಡುವೆಯೇ ಇದ್ದಾರೆ.

ಮಚ್ಚೆಗಳಲ್ಲಿ ಇರುವುದು ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನು, ಸಿಕ್ಕುಗಳಲ್ಲಿ ಇರುವುದು ಟೌ ಎಂಬ ಇನ್ನೊಂದು ಪ್ರೋಟೀನು ಎಂದು ಈಗ ಗೊತ್ತಿದೆ. ಇವು ಸೇರಿಕೊಳ್ಳಲು ಶುರುವಾಗಿ ಹದಿನೈದು, ಇಪ್ಪತ್ತು ವರ್ಷ ಕಳೆದ ಮೇಲಷ್ಟೇ ಹೊರಗೆ ಏನಾದರೂ ಕಾಣಿಸುತ್ತದೆ. ಟೌ ಸಿಕ್ಕುಗಳು ಹರಡುವ ದಾರಿಯನ್ನು ಹೈಕೋ ಬ್ರಾಕ್, ಈವಾ ಬ್ರಾಕ್ ಎಂಬ ಜರ್ಮನಿಯ ದಂಪತಿ 1991ರಲ್ಲಿ ಹಂತಹಂತವಾಗಿ ಗುರುತಿಸಿದರು. ಸಿಕ್ಕುಗಳು ಮೊದಲು ಕಾಣಿಸಿಕೊಳ್ಳುವುದು ಕಿವಿಯ ನೇರಕ್ಕೆ, ಮಿದುಳಿನ ಒಳಮಗ್ಗುಲಲ್ಲಿರುವ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಸಣ್ಣ ಜಾಗದಲ್ಲಿ. ಆಮೇಲೆ ಅದಕ್ಕೆ ಅಂಟಿಕೊಂಡ ಹಿಪೊಕ್ಯಾಂಪಸ್‌ನಲ್ಲಿ. ನಂತರ ಮಾತು, ಲೆಕ್ಕ, ಜಾಗದ ಅಂದಾಜು, ವಿವೇಚನೆ ನೋಡಿಕೊಳ್ಳುವ ಹೊರಪದರಗಳಲ್ಲಿ. ಕಣ್ಣಿಗೆ ಬಿದ್ದದ್ದನ್ನು ಮೊದಲು ಪಡೆಯುವ ಭಾಗಕ್ಕೂ ಕೈಕಾಲು ಆಡಿಸುವ ಭಾಗಕ್ಕೂ ಅವು ತಲುಪುವುದು ಸಾಮಾನ್ಯವಾಗಿ ಕೊನೆಗೆ. ಮನೆಯಲ್ಲಿ ನಾವು ಕಾಣುವ ಬದಲಾವಣೆಗಳ ಕ್ರಮ ಹೆಚ್ಚುಕಡಿಮೆ ಈ ದಾರಿಯನ್ನೇ ಹಿಡಿದು ಹೋಗುತ್ತದೆ.

ಹಿಪೊಕ್ಯಾಂಪಸ್‌ನ ಕೆಲಸವನ್ನು ಹಳೆಯ ಕಾಲದ ಶಾನುಭೋಗರ ಕೆಲಸಕ್ಕೆ ಹೋಲಿಸಬಹುದು. ಇವತ್ತು ನಡೆದದ್ದನ್ನು ದಾಖಲೆ ಪುಸ್ತಕಕ್ಕೆ ಏರಿಸುವವರು ಅವರು. ಅವರು ಹಾಸಿಗೆ ಹಿಡಿದರೆ ಹಳೆಯ ಕಡತಗಳು ಬೀರುವಿನಲ್ಲಿ ಭದ್ರವಾಗಿಯೇ ಇರುತ್ತವೆ, ಹೊಸದೇನೂ ದಾಖಲಾಗುವುದಿಲ್ಲ. ಬೆಳಗಿನ ಉಪ್ಪಿಟ್ಟು ಅತ್ತೆಗೆ ‘ಮರೆತುಹೋದದ್ದಲ್ಲ’, ಅದು ದಾಖಲೆಗೆ ಏರಲೇ ಇಲ್ಲ. ಮದುವೆಯ ಮುನಿಸು ಮಾತ್ರ ಎಂದೋ ದಾಖಲಾಗಿ, ನೂರಾರು ಸಲ ಹೇಳಿ ಕೇಳಿ ಗಟ್ಟಿಯಾಗಿ ಕೂತಿದೆ. ಹೊಸದು ಮೊದಲು ಹೋಗಿ ಹಳೆಯದು ತಡವಾಗಿ ಹೋಗುವ ಈ ಕ್ರಮವನ್ನು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತೆಯೊದ್ಯೂಲ್ ರಿಬೊ 1881ರಷ್ಟು ಹಿಂದೆಯೇ ಬರೆದಿಟ್ಟಿದ್ದರು.

ಸಹಜ ಮರೆವಿಗೂ ಕಾಯಿಲೆಯ ಮರೆವಿಗೂ ಇರುವ ವ್ಯತ್ಯಾಸ ತಿಳಿಯಲು ಇದೇ ಒಂದು ಸುಳುಹು. ಎದುರು ಮನೆಯವರ ಹೆಸರು ನಾಲಿಗೆ ತುದಿಗೆ ಬಂದು ನಿಂತು, ರಾತ್ರಿ ಮಲಗಿದ ಮೇಲೆ ತಟ್ಟನೆ ಹೊಳೆದರೆ ಹೆದರಬೇಕಾಗಿಲ್ಲ. ಹೆಸರು ಒಳಗಿದೆ, ಹುಡುಕುವುದು ನಿಧಾನವಾಗಿದೆ ಅಷ್ಟೆ. ಮೊದಲಕ್ಷರ ಹೇಳಿಕೊಟ್ಟರೆ ಸಹಜ ಮರೆವಿನವರು ಹಿಡಿದುಬಿಡುತ್ತಾರೆ. ಅಲ್ಝೈಮರ್ ಇದ್ದವರಿಗೆ ನಿನ್ನೆ ಮೊಮ್ಮಗಳ ನಾಮಕರಣ ಆಯಿತಲ್ಲ, ನೀವೇ ತೊಟ್ಟಿಲು ತೂಗಿದಿರಲ್ಲ ಎಂದು ಎಷ್ಟು ಸುಳುಹು ಕೊಟ್ಟರೂ ಮುಖದಲ್ಲಿ ಏನೂ ಮೂಡುವುದಿಲ್ಲ. ಅದಕ್ಕೇ ವೈದ್ಯರು ಕೆಲವು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ, ಬಾರದಿದ್ದರೆ ಸುಳುಹು ಕೊಟ್ಟು ನೋಡುತ್ತಾರೆ. ಹಾಗೆಂದು ಮರೆವೆಲ್ಲವೂ ಅಲ್ಝೈಮರ್ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಕುಂದುವುದು, ಖಿನ್ನತೆ, ನಿದ್ದೆ ಮಾತ್ರೆಯಂಥ ಔಷಧಗಳು, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ನಿಧಾನವಾಗಿ ಸೇರಿದ ರಕ್ತ, ಇವೆಲ್ಲ ಡಿಮೆನ್ಷಿಯಾದಂತೆಯೇ ಕಾಣಿಸಬಹುದು. ಇವುಗಳಿಗೆ ಚಿಕಿತ್ಸೆ ಇದೆ. ಶುದ್ಧ ಸಸ್ಯಾಹಾರಿಗಳ ಮನೆಗಳಲ್ಲಿ ಬಿ12 ಕೊರತೆ ಅಪರೂಪವೇನಲ್ಲ. ಆದ್ದರಿಂದ ‘ವಯಸ್ಸಾಯ್ತು ಬಿಡಿ’ ಎನ್ನುವ ಮೊದಲು ಒಂದು ರಕ್ತಪರೀಕ್ಷೆಯಾದರೂ ಆಗಲೇಬೇಕು.

ನಾನು ಈ ಕಾಯಿಲೆಯನ್ನು ಹತ್ತಿರದಿಂದ ಕಂಡದ್ದು ತುಮಕೂರಿನಲ್ಲಿದ್ದ ನನ್ನ ದೊಡ್ಡಮ್ಮನಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ ನಿವೃತ್ತರಾದವರು. ಮೊದಲು ಕಂಡದ್ದು ದುಡ್ಡಿನ ವಿಷಯದಲ್ಲಿ. ಕರೆಂಟ್ ಬಿಲ್ಲನ್ನು ಒಂದೇ ತಿಂಗಳು ಎರಡು ಸಲ ಕಟ್ಟಿ ಬಂದರು. ಪಿಂಚಣಿ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದವರು, ಏನು ಕೇಳಲು ಬಂದೆ ಎಂದು ಗೊತ್ತಾಗದೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಆಮೇಲೆ ಅಡುಗೆ ಮನೆ. ಒಂದು ಬೆಳಿಗ್ಗೆ ಅವರು ಹುಳಿ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಹುರುಳಿಕಾಯಿಯ ನಾರು ತೆಗೆದು ಒಂದೇ ಅಳತೆಗೆ ಹೆಚ್ಚಿದರು. ಕಾಯಿ ತುರಿದದ್ದು ಎಂದಿನಂತೆ, ಕರಟದ ಕಪ್ಪು ಒಂದಿಷ್ಟೂ ಬೀಳದ ಹಾಗೆ. ಬೇಳೆ ಬೆಂದಿತ್ತು. ಆಮೇಲೆ ಸುಮ್ಮನೆ ನಿಂತುಬಿಟ್ಟರು. ಹುಣಿಸೆಹಣ್ಣಿನ ಬಟ್ಟಲು ಎತ್ತಿಕೊಂಡು ಇಟ್ಟರು. ಉಪ್ಪು ಹಾಕಿದರು, ಒಂದು ಸುತ್ತು ತಿರುಗಿ ಬಂದು ಮತ್ತೆ ಉಪ್ಪು ಹಾಕಿದರು. ಫ್ರಿಜ್ ಬಾಗಿಲು ತೆಗೆದು, ನೋಡಿ, ಮುಚ್ಚಿದರು. ‘ಇವತ್ತು ಯಾಕೋ ಕೈಯೇ ಓಡ್ತಿಲ್ಲ ಕಣೋ’ ಎಂದರು.

ಕೈ ಓಡುತ್ತಿತ್ತು. ಓಡದೆ ಇದ್ದದ್ದು ‘ಇದಾದ ಮೇಲೆ ಯಾವುದು’ ಎನ್ನುವ ಲೆಕ್ಕ. ಹೆಚ್ಚುವುದು, ತುರಿಯುವುದು ವರ್ಷಗಟ್ಟಲೆ ಮಾಡಿ ಮಾಡಿ ಮೈಗೆ ಹತ್ತಿದ ಕೆಲಸಗಳು. ಅವುಗಳ ನೆನಪು ಇರುವುದೇ ಬೇರೆ ಕಡೆ, ಮಿದುಳಿನ ಆಳದ ಗಂಟುಗಳಲ್ಲಿ ಮತ್ತು ಹಿಂಬದಿಯ ಕಿರುಮಿದುಳಿನಲ್ಲಿ. ಇದು ಬೇರೆಯದೇ ನೆನಪು ಎಂದು ಸ್ಪಷ್ಟವಾದದ್ದು ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಂದ. ಫಿಟ್ಸ್ ನಿಲ್ಲಿಸಲೆಂದು 1953ರಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಆತನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗ ಹೋಯಿತು. ಆಮೇಲೆ ನಡೆದ ಹೆಚ್ಚುಕಡಿಮೆ ಯಾವುದೂ ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯುವ ಅಭ್ಯಾಸ ಕೊಟ್ಟಾಗ ದಿನದಿಂದ ದಿನಕ್ಕೆ ಆತನ ಕೈ ಪಳಗಿತು. ಪ್ರತಿದಿನವೂ ‘ಇದನ್ನು ನಾನು ಮಾಡಿಯೇ ಇಲ್ಲ’ ಎಂಬ ಭಾವದಲ್ಲೇ ಆತ ಕೂರುತ್ತಿದ್ದ. ದೊಡ್ಡಮ್ಮನ ಕೈ ಉಳಿದದ್ದೂ ಹೀಗೆಯೇ. ಉಳಿಯದೆ ಹೋದದ್ದು ಕೆಲಸವನ್ನು ಜೋಡಿಸುವ, ಮಾಡಿದ್ದೇನು ಮಾಡಬೇಕಾದ್ದೇನು ಎಂದು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಶಕ್ತಿ. ಅದಕ್ಕೆ ಹಣೆಯ ಹಿಂದಿನ ಭಾಗ ಬೇಕು. ನನ್ನ ಅತ್ತಿಗೆ ಇದನ್ನು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದರು. ಪಕ್ಕದಲ್ಲಿ ನಿಂತು ‘ಅತ್ತೆ, ಈಗ ಹುಳಿಪುಡಿ’, ‘ಅತ್ತೆ, ಒಗ್ಗರಣೆ ನೀವೇ ಹಾಕಿ’ ಎಂದು ಒಂದೊಂದೇ ಸಾಮಾನು ಕೈಗೆ ಕೊಡುತ್ತಿದ್ದರು. ಸಾಸಿವೆ ಸಿಡಿಯುವ ಹೊತ್ತಿಗೆ ದೊಡ್ಡಮ್ಮನ ಮುಖದಲ್ಲಿ ಹಳೆಯ ಕಳೆ ಬರುತ್ತಿತ್ತು. ಕೆಲಸ ಕಿತ್ತುಕೊಳ್ಳಬೇಡಿ, ತುಂಡು ಮಾಡಿ ಕೊಡಿ ಎಂದು ತಜ್ಞರು ಹೇಳುವುದೂ ಇದನ್ನೇ.

ನಂತರ ಮಾತು ಸೊರಗುತ್ತದೆ. ಆಗಲೂ ಎಲ್ಲ ಒಟ್ಟಿಗೆ ಹೋಗುವುದಿಲ್ಲ. ಪಾರಿವಾಳ ಹೋಗಿ ಹಕ್ಕಿ ಉಳಿಯುತ್ತದೆ. ಹಕ್ಕಿಯೂ ಹೋದ ಮೇಲೆ ‘ಅದು’ ಉಳಿಯುತ್ತದೆ. ಲೋಟ ಎನ್ನಲು ಬಾರದೆ ‘ಅದೇ, ನೀರು ಕುಡಿಯೋದು’ ಎನ್ನುತ್ತಾರೆ. ವಾಕ್ಯದ ಕಟ್ಟು ಮಾತ್ರ ಬಹಳ ಕಾಲ ಸರಿಯಾಗಿರುತ್ತದೆ. ಇಂಗ್ಲಿಷ್ ಕಾದಂಬರಿಕಾರ್ತಿ ಐರಿಸ್ ಮರ್ಡಾಕ್ ಕೊನೆಯ ಕಾದಂಬರಿ ‘ಜ್ಯಾಕ್ಸನ್ಸ್ ಡಿಲೆಮ’ ಪ್ರಕಟಿಸಿದ್ದು 1995ರಲ್ಲಿ. ಆಗ ಆಕೆಗೆ ಅಲ್ಝೈಮರ್ ಇದೆಯೆಂದು ಯಾರಿಗೂ ತಿಳಿದಿರಲಿಲ್ಲ. ಆಕೆ ತೀರಿಕೊಂಡ ಮೇಲೆ, ಪೀಟರ್ ಗ್ಯಾರಾರ್ಡ್ ಮತ್ತು ಸಂಗಡಿಗರು ಆ ಕಾದಂಬರಿಯನ್ನು ಆಕೆಯ ಹಿಂದಿನ ಕಾದಂಬರಿಗಳ ಜತೆ ಇಟ್ಟು ಪದ ಎಣಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಕರಣ ಹೆಚ್ಚೇನೂ ಕೆಟ್ಟಿರಲಿಲ್ಲ. ಪದಗಳ ವೈವಿಧ್ಯ ಮಾತ್ರ ಕಡಿಮೆಯಾಗಿತ್ತು. ಕಾಯಿಲೆ ಪತ್ತೆಯಾಗುವ ಮುಂಚೆಯೇ ಆಕೆಯ ಪದಸಂಪತ್ತು ಕರಗತೊಡಗಿತ್ತು.

ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ದೊಡ್ಡಮ್ಮ ಹುಟ್ಟಿದ್ದು ಪಾವಗಡದ ಕಡೆಯ ತೆಲುಗು ಮನೆಯಲ್ಲಿ. ಮದುವೆಯಾದ ಮೇಲೆ ಬದುಕೆಲ್ಲ ಕನ್ನಡ, ಕಲಿಸಿದ್ದೂ ಕನ್ನಡ. ಕಾಯಿಲೆ ಮುಂದುವರಿದಂತೆ ಅವರು ಸ್ವಲ್ಪ ಸ್ವಲ್ಪವಾಗಿ ತೆಲುಗಿಗೆ ಸರಿದರು. ಮನೆಯಲ್ಲಿ ಮೊಮ್ಮಕ್ಕಳಿಗೆ ತೆಲುಗು ಬಾರದು, ‘ಅಜ್ಜಿ ಏನೇನೋ ಒದರ್ತಾರೆ’ ಎನ್ನುತ್ತಿದ್ದವು. ಅಜ್ಜಿ ಕೇಳುತ್ತಿದ್ದದ್ದು ಕುಡಿಯಲು ನೀರು. ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗಿ, ತಾಯಿಮಾತು ಉಳಿಯುವುದನ್ನು ಇಂಥ ರೋಗಿಗಳಲ್ಲಿ ಹಲವೆಡೆ ಕಂಡಿದ್ದಾರೆ. ತುಳು, ಕೊಂಕಣಿ, ಕೊಡವ, ಉರ್ದು, ಮರಾಠಿ ಮನೆಮಾತಾಗಿರುವ ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಇದು ನಡೆದೀತು. ಅಜ್ಜಿಯ ಮನೆಮಾತಿನ ನಾಲ್ಕು ಪದ, ನೀರು, ಹಸಿವು, ನೋವು, ಬಚ್ಚಲು ಇಷ್ಟನ್ನಾದರೂ ಮಕ್ಕಳಿಗೆ ಕಲಿಸಿಡುವುದು ಒಳ್ಳೆಯದು. ಹಾಗೆಯೇ ಎರಡು ಭಾಷೆ ಬಲ್ಲವರಿಗೆ ಒಂದು ಸಮಾಧಾನವೂ ಇದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ಬಂದ 648 ಡಿಮೆನ್ಷಿಯಾ ರೋಗಿಗಳನ್ನು ಡಾ. ಸುವರ್ಣ ಅಲ್ಲಾಡಿ ಮತ್ತು ತಂಡ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿದ್ದವು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು.

ನಡುವಿನ ಹಂತ ಮನೆಯವರಿಗೆ ಅತಿ ಕಷ್ಟದ್ದು. ಕಾಲು ಗಟ್ಟಿಯಿರುತ್ತದೆ, ಮಾತು ಇರುತ್ತದೆ, ವಿವೇಚನೆ ಇರುವುದಿಲ್ಲ. ತನಗೆ ಕಾಯಿಲೆ ಇದೆ ಎನ್ನುವ ಅರಿವನ್ನೂ ಕಾಯಿಲೆಯೇ ಎಷ್ಟೋ ಸಲ ಅಳಿಸಿಬಿಡುತ್ತದೆ. ಬಳೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟವರೂ ಅವರೇ, ‘ಸೊಸೆ ಕದ್ದಳು’ ಎನ್ನುವವರೂ ಅವರೇ. ಇಟ್ಟದ್ದು ದಾಖಲಾಗಿಲ್ಲ, ಬಳೆ ಮಾತ್ರ ಕಾಣುತ್ತಿಲ್ಲ. ಈ ಎರಡರ ನಡುವಿನ ಖಾಲಿ ಜಾಗವನ್ನು ಮಿದುಳು ತನಗೆ ತೋಚಿದ ಕಾರಣದಿಂದ ತುಂಬಿಕೊಳ್ಳುತ್ತದೆ. ಹತ್ತಿರದಲ್ಲಿ ಇರುವವರ ಮೇಲೇ ಆರೋಪ ಬರುವುದು ಸಹಜ, ಏಕೆಂದರೆ ಕೋಣೆಗೆ ಬಂದು ಹೋಗುವವರು ಅವರೇ. ಆಗ ‘ನಾನ್ಯಾಕೆ ಕದೀಲಿ’ ಎಂದು ವಾದಕ್ಕೆ ನಿಂತರೆ ಸಂಜೆಯವರೆಗೂ ಮುಗಿಯುವುದಿಲ್ಲ. ‘ಬನ್ನಿ ಅತ್ತೆ, ಇಬ್ಬರೂ ಹುಡುಕೋಣ’ ಎಂದರೆ ಐದು ನಿಮಿಷಕ್ಕೆ ಮುಗಿಯುತ್ತದೆ.

ಸೂರ್ಯ ಇಳಿಯುತ್ತಿದ್ದಂತೆ ಚಡಪಡಿಕೆ ಹೆಚ್ಚುವುದೂ ಇದೇ ಹಂತದಲ್ಲಿ. ತಾವೇ ಕಟ್ಟಿಸಿದ ಮನೆಯ ಹಜಾರದಲ್ಲಿ ಕೂತು ‘ಕತ್ತಲಾಯ್ತು, ನಮ್ಮನೆಗೆ ಹೋಗಬೇಕು’ ಎನ್ನುತ್ತಾರೆ. ಹಗಲುರಾತ್ರಿಯ ಲಯ ಹಿಡಿಯುವ ಮಿದುಳಿನ ಗಡಿಯಾರ ಹಾಳಾಗಿರುತ್ತದೆ, ದಿನದ ದಣಿವೂ ಸೇರಿರುತ್ತದೆ. ಅವರು ಹುಡುಕುವ ಮನೆ ಎಷ್ಟೋ ಸಲ ಬಾಲ್ಯದ್ದು. ಮಗನನ್ನು ಅಣ್ಣನ ಹೆಸರಿನಿಂದ ಕರೆಯುವುದರಲ್ಲೂ ಒಂದು ತರ್ಕವಿದೆ. ಅವರ ಮನಸ್ಸಿನಲ್ಲಿ ತಮಗೆ ಮೂವತ್ತು ವರ್ಷ. ಹಾಗಿದ್ದರೆ ಮಗ ಇನ್ನೂ ಚಡ್ಡಿ ಹಾಕಿಕೊಂಡು ಓಡಾಡುವ ಹುಡುಗ. ಎದುರಿಗೆ ನಿಂತ, ತಲೆ ನರೆತ, ತಮ್ಮ ಮನೆತನದ ಮೂಗು ಹೊತ್ತ ಈ ಗಂಡಸು ಯಾರಿರಬಹುದು? ಅಣ್ಣನೇ ಇರಬೇಕು, ಇಲ್ಲವೇ ಅಪ್ಪ. ಕನ್ನಡಿಯಲ್ಲಿ ಕಾಣುವ ಮುದುಕಿಯನ್ನು ನೋಡಿ ‘ಯಾರೋ ಬಂದಿದ್ದಾರೆ, ಕಾಫಿ ಕೊಡಿ’ ಎನ್ನುವುದೂ ಇದೇ ಲೆಕ್ಕದಿಂದ. ದಾರಿ ತಪ್ಪಿ ಕಾಣೆಯಾಗುವುದೂ ಈ ಹಂತದಲ್ಲೇ. ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರಲ್ಲಿ ತೆರೆಗೆ ಬಂದಾಗ, ಅನಂತ್ ನಾಗ್ ಅವರ ಪಾತ್ರ ಕಾಣೆಯಾದದ್ದನ್ನು ನೋಡಿ ಬಹಳಷ್ಟು ಕನ್ನಡಿಗರು ಅಲ್ಝೈಮರ್ ಹೆಸರನ್ನು ಮೊದಲ ಸಲ ಗಂಭೀರವಾಗಿ ತೆಗೆದುಕೊಂಡರು. ಜೇಬಿನಲ್ಲಿ ಒಂದು ಚೀಟಿ, ಕೊರಳಿಗೋ ಕೈಗೋ ಫೋನ್ ನಂಬರ್ ಇರುವ ಬಿಲ್ಲೆ, ಬೀದಿಯ ಅಂಗಡಿಯವರಿಗೂ ಆಟೊದವರಿಗೂ ಮೊದಲೇ ಒಂದು ಮಾತು, ಇಷ್ಟು ಮಾಡಿಟ್ಟರೆ ಹಲವು ರಾತ್ರಿಗಳ ಅಲೆದಾಟ ತಪ್ಪುತ್ತದೆ.

ಇಷ್ಟೆಲ್ಲ ಹೋಗುವಾಗ ನಿಲ್ಲುವುದು ಯಾವುದು? ಭಾವ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಅಲ್ಝೈಮರ್ ಇರುವ 17 ಮಂದಿಗೆ, ಇಲ್ಲದ 17 ಮಂದಿಗೆ ದುಃಖ ತರಿಸುವ ಸಿನಿಮಾ ತುಣುಕುಗಳನ್ನು ತೋರಿಸಿದರು, ಇನ್ನೊಮ್ಮೆ ಖುಷಿ ಕೊಡುವಂಥವನ್ನು. ಐದು ನಿಮಿಷ ಕಳೆದು ಕೇಳಿದರೆ ರೋಗಿಗಳಿಗೆ ನೋಡಿದ್ದು ಹೆಚ್ಚೇನೂ ನೆನಪಿರಲಿಲ್ಲ. ಒಬ್ಬರಿಗಂತೂ ಸಿನಿಮಾ ನೋಡಿದ್ದೇ ನೆನಪಿರಲಿಲ್ಲ. ಆದರೆ ಸಿನಿಮಾ ತಂದ ದುಃಖ, ಸಂತೋಷ ಅರ್ಧ ಗಂಟೆಯವರೆಗೂ ಅವರಲ್ಲಿ ಉಳಿದಿತ್ತು. ನೋಡಿದ್ದನ್ನು ಕಡಿಮೆ ನೆನಪಿಟ್ಟವರಲ್ಲಿ ದುಃಖ ಹೆಚ್ಚು ಹೊತ್ತು ನಿಂತಿತ್ತು. ಯಾಕೆ ಅಳು ಬಂತೆಂದು ಗೊತ್ತಿದ್ದವರು ‘ಅದು ಸಿನಿಮಾ ಅಷ್ಟೆ’ ಎಂದು ತಮಗೆ ತಾವೇ ಹೇಳಿಕೊಳ್ಳಬಹುದು. ಕಾರಣವೇ ಗೊತ್ತಿಲ್ಲದವರಿಗೆ ಆ ದಾರಿ ಇಲ್ಲ.

ಇನ್ನು ನಮ್ಮ ಮನೆಗಳಿಗೆ ಬರುವ ನೆಂಟರನ್ನು ಗಮನಿಸಿ. ಒಳಗೆ ಬಂದು, ಚಪ್ಪಲಿ ಬಿಟ್ಟು, ಕಾಯಿಲೆಯವರ ಮುಂದೆ ಬಗ್ಗಿ ಕೇಳುವ ಮೊದಲ ಮಾತೇ ‘ನಾನ್ಯಾರು ಹೇಳಿ ನೋಡೋಣ?’ ಸುತ್ತ ಇರುವವರೂ ಉತ್ತರಕ್ಕೆ ಕಾಯುತ್ತಾರೆ. ಹೇಳಿದರೆ ಚಪ್ಪಾಳೆ, ಹೇಳದಿದ್ದರೆ ‘ಅಯ್ಯೋ, ನನ್ನೂ ಮರೆತುಬಿಟ್ರಾ!’ ಪ್ರೀತಿಯಿಂದಲೇ ಕೇಳಿದ್ದು, ಇಲ್ಲ ಎನ್ನುವುದಿಲ್ಲ. ಆದರೆ ಹೋಗಿರುವುದು ಯಾವ ಶಕ್ತಿಯೋ ಅದನ್ನೇ ಪರೀಕ್ಷೆಗೆ ಹಚ್ಚುವ ಪ್ರಶ್ನೆ ಅದು. ಕುಂಟುವವರನ್ನು ಓಡಿ ತೋರಿಸಿ ಎಂದು ನಾವು ಯಾರೂ ಕೇಳುವುದಿಲ್ಲ. ಡಾ. ಅಲ್ಝೈಮರ್ ಕೇಳಿದ್ದು ಕಾಯಿಲೆ ತಿಳಿಯಲು, ಅದಕ್ಕೆ ಅರ್ಥವಿತ್ತು. ಕಾಯಿಲೆ ಗೊತ್ತಾದ ಮೇಲೂ ವಾರಕ್ಕೊಮ್ಮೆ ಮನೆಯ ಹಜಾರದಲ್ಲಿ ಪರೀಕ್ಷೆ ನಡೆಸಿ ನಾವು ತಿಳಿದುಕೊಳ್ಳುವುದೇನು? ಉತ್ತರ ಹೊಳೆಯದೆ ಅವರ ಮುಖ ಸಣ್ಣದಾಗುತ್ತದೆ. ನೆಂಟರು ಹೋದದ್ದು ಹತ್ತು ನಿಮಿಷದಲ್ಲಿ ಮರೆಯುತ್ತದೆ, ಮುಖ ಸಣ್ಣದಾದ ನೋವು ಮರೆಯುವುದಿಲ್ಲ. ಸಂಜೆ ಅವರು ಊಟ ಬೇಡ ಎಂದು ಹಟ ಹಿಡಿದಾಗ ಕಾರಣ ಹುಡುಕುತ್ತೇವೆ. ದೊಡ್ಡಮ್ಮನ ಮನೆಯಲ್ಲಿ ಅತ್ತಿಗೆ ಬಾಗಿಲಲ್ಲೇ ನೆಂಟರಿಗೆ ಹೇಳಿ ಕಳಿಸುತ್ತಿದ್ದರು: ‘ಕೇಳಬೇಡಿ, ನೀವೇ ಹೇಳಿ.’ ‘ದೊಡ್ಡಮ್ಮ, ನಾನು ನಿಮ್ಮ ತಂಗಿ ಮಗ, ಗುಬ್ಬಿಯಿಂದ ಬಂದೆ’ ಎಂದರೆ ಸಾಕು. ತಂಗಿ ಎನ್ನುವ ಪದ ಹಿಡಿದು ಅವರು ತಾವೇ ಹಳೆಯ ಕಾಲಕ್ಕೆ ಹೊರಡುತ್ತಿದ್ದರು, ಮಾತು ಬೆಳೆಯುತ್ತಿತ್ತು.

ಕೊನೆಯ ಹಂತದಲ್ಲಿ ಮಾತು ಕೆಲವೇ ಪದಗಳಿಗೆ ಇಳಿಯುತ್ತದೆ. ನಡಿಗೆ, ಕೂರುವುದು, ಮಲಮೂತ್ರದ ಹಿಡಿತ ಹೋಗುತ್ತವೆ. ನುಂಗುವುದೂ ತಪ್ಪುತ್ತದೆ. ಅನ್ನದ ಅಗುಳು, ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಿ ಜೀವ ಹೋಗುವುದು ಸಾಮಾನ್ಯ. ಆದ್ದರಿಂದ ಮಲಗಿಸಿಕೊಂಡು ಉಣ್ಣಿಸಬಾರದು, ನೆಟ್ಟಗೆ ಕೂರಿಸಿ ಮೆತ್ತಗಿನದನ್ನು ನಿಧಾನವಾಗಿ ಕೊಡಬೇಕು. ಇಲ್ಲಿಗೆ ಬರಲು ವರ್ಷಗಳೇ ಬೇಕು. ಕಾಯಿಲೆ ಪತ್ತೆಯಾದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ, ಕೆಲವರು ಇಪ್ಪತ್ತು ವರ್ಷವೂ ಬದುಕುತ್ತಾರೆ. ಒಂದು ಎಚ್ಚರಿಕೆ: ಅಲ್ಝೈಮರ್ ಇಳಿಯುವುದು ನಿಧಾನವಾಗಿ, ತಿಂಗಳು ವರ್ಷಗಳ ಲೆಕ್ಕದಲ್ಲಿ. ನಿನ್ನೆ ಚೆನ್ನಾಗಿದ್ದವರು ಇವತ್ತು ಹಠಾತ್ತನೆ ಮಂಕಾದರೆ, ಬಡಬಡಿಸಿದರೆ, ಅದನ್ನು ‘ಕಾಯಿಲೆ ಹೆಚ್ಚಾಯ್ತು’ ಎಂದು ಬಿಡಬೇಡಿ. ಮೂತ್ರದ ಸೋಂಕೋ, ನೀರಿನಂಶ ಕಡಿಮೆಯಾದದ್ದೋ, ಮಲಬದ್ಧತೆಯೋ, ಹೊಸ ಮಾತ್ರೆಯೋ ಇರಬಹುದು. ಆ ದಿನವೇ ವೈದ್ಯರಿಗೆ ತೋರಿಸಬೇಕು.

ಔಷಧದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಹೇಳುವುದೇ ಅಷ್ಟು. ಗುಣ ಮಾಡುವ ಔಷಧ ಇಲ್ಲ. ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಮೆಮಾಂಟೈನ್ ಮಾತ್ರೆಗಳು ಕೆಲವರಲ್ಲಿ ಸ್ವಲ್ಪ ಕಾಲ ಲಕ್ಷಣಗಳನ್ನು ತಗ್ಗಿಸುತ್ತವೆ. ಅಮೈಲಾಯ್ಡ್ ತೊಳೆಯುವ ಲೆಕಾನೆಮಾಬ್ ಎಂಬ ಹೊಸ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ಅದು ಇಳಿಕೆಯನ್ನು ಶೇ 27ರಷ್ಟು ನಿಧಾನಗೊಳಿಸಿತು, ಅದೂ ಆರಂಭದ ಹಂತದವರಲ್ಲಿ ಮಾತ್ರ. ಮಿದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ತಡೆಯುವ ಮಾತು ಇದಕ್ಕಿಂತ ಹೆಚ್ಚು ಭರವಸೆಯದು. ಲ್ಯಾನ್ಸೆಟ್ ಆಯೋಗ 2024ರಲ್ಲಿ ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿ, ಇವನ್ನು ಜೀವನವಿಡೀ ಸರಿಪಡಿಸಿಕೊಂಡರೆ ಡಿಮೆನ್ಷಿಯಾದ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ದೃಷ್ಟಿದೋಷ, ಒಂಟಿತನ ಆ ಪಟ್ಟಿಯಲ್ಲಿವೆ. ಕಿವಿ ಕೇಳದ ಅಪ್ಪನಿಗೆ ಶ್ರವಣ ಸಾಧನ, ಪೊರೆ ಬಂದ ಅಮ್ಮನಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದೂ ಮಿದುಳಿನ ಆರೈಕೆಯೇ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಅವರಲ್ಲಿ ಬಹುಪಾಲು ಜನರನ್ನು ನೋಡಿಕೊಳ್ಳುತ್ತಿರುವುದು ಆಸ್ಪತ್ರೆಗಳಲ್ಲ, ಮನೆಯ ಹೆಂಗಸರು. ಅವರಿಗೂ ವಾರದಲ್ಲಿ ಒಂದು ಮಧ್ಯಾಹ್ನ ಬಿಡುವು ಬೇಕು. ಅಣ್ಣ ತಮ್ಮಂದಿರು, ಹೆಣ್ಣುಮಕ್ಕಳು ಸರದಿಯಲ್ಲಿ ಬಂದು ಕೂರಬಹುದು. ಪರೀಕ್ಷೆಗೆ ನರರೋಗ ತಜ್ಞರು, ಮನೋವೈದ್ಯರು ಇದ್ದಾರೆ, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯೂ ಇದೆ. ಹಿರಿಯರ ನೆರವಿಗೆ 14567, ನೋಡಿಕೊಳ್ಳುವವರ ಮನಸ್ಸು ಕುಸಿದಾಗ ಟೆಲಿ ಮಾನಸ್‌ನ 14416, ಎರಡೂ ಉಚಿತ ಸಹಾಯವಾಣಿಗಳು. ಮರೆವು ಶುರುವಾದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಈ ತಿಂಗಳೇ ವೈದ್ಯರಿಗೆ ತೋರಿಸಿ. ಕಾಯಿಲೆ ಖಚಿತವಾಗಿರುವವರ ಮನೆಗೆ ಹೋಗುವುದಿದ್ದರೆ ಅವರ ಎದುರಿಗೆ, ಕಣ್ಣಿಗೆ ಕಾಣುವ ಹಾಗೆ ಕೂತು, ನಿಮ್ಮ ಹೆಸರು, ನಿಮ್ಮ ಸಂಬಂಧ ಎರಡನ್ನೂ ನೀವೇ ಮೊದಲು ಹೇಳಿ. ಮತ್ತೆ ಕೇಳಿದರೆ ಮತ್ತೆ ಹೇಳಿ.